ಶುಭಂ ಆದ ಮೇಲೂ ನಡೆದ ಸಿನಿಮಾ

ನನ್ನ ಅವ್ವನ ಬೆನ್ನಿಗೆ ಬಿದ್ದ ತಮ್ಮ ನನ್ನ ಮಾಮಾ. ಬೆಳಗಾವಿಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ. ಲಗ್ನ ಆಗಿರಲಿಲ್ಲ. ಶಿವಬಸವ ನಗರದ ನಮ್ಮ ಮನೆಯ ಮುಂದಿನ ಖೋಲಿ ಅವನದು. ಆ ಖೋಲಿಯಲ್ಲಿ ಪುಸ್ತಕ ಬಿಟ್ಟು ಉಳಿದ ಜಾಗದಲ್ಲಿ ಅವನು ಮಲಗುತ್ತಿದ್ದ. ನನ್ನ ಅಪ್ಪನದು ಬಜಾರಿನಲ್ಲಿ ಬಟ್ಟೆ ಅಂಗಡಿ, ಮಾತು ಕಮ್ಮಿ. ಹಾಗಾಗಿ ನಮ್ಮ ಮನೆಯಲ್ಲಿ ಅಭಿಪ್ರಾಯ ಹೇಳುವ ಕೆಲಸವೆಲ್ಲ ಮಾಮಾನ ಪಾಲಿಗೇ ಬಂದಿತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ ಮಾಮಾ ತನ್ನಂಥವರೇ ಹತ್ತು ಹನ್ನೆರಡು ಮಂದಿಯನ್ನು ಕೂಡಿಸಿಕೊಂಡು ಸಿನಿಮಾ ಸಂಘ ಕಟ್ಟಿದ. ತಿಂಗಳಿಗೊಂದು ರವಿವಾರ ಮುಂಜಾನೆ ಒಂದು ಸಾಲಿಯ ಹಾಲಿನ ಕಿಡಕಿಗಳಿಗೆಲ್ಲ ಕಂಬಳಿ ಕಟ್ಟಿ, ಎಲ್ಲಿಂದಲೋ ತರಿಸಿದ ಪರದೇಶದ ಸಿನಿಮಾ ತೋರಿಸುತ್ತಿದ್ದರು. ಚಹಾದ ಜವಾಬ್ದಾರಿ ನನ್ನದು. ಒಂದು ಸಿನಿಮಾದಲ್ಲಿ ಒಬ್ಬ ಮುದುಕ ಮಂಜಿನೊಳಗೆ ನಡೆಯುತ್ತ ಹೊರಟ. ನಾನು ಹೊರಗೆ ಬಂದು, ಸ್ಟೋವ್ ಹಚ್ಚಿ, ಚಹಾ ಕುದಿಸಿ, ಸೋಸಿ ಒಳಗೆ ಹೋದೆ. ಮುದುಕ ಇನ್ನೂ ನಡೆಯುತ್ತಲೇ ಇದ್ದ. ಸಂಘದ ಖಜಾಂಚಿಯ ಗೊರಕೆ ಬಿಟ್ಟರೆ ಹಾಲಿನಲ್ಲಿ ಬೇರೆ ಸಪ್ಪಳವೇ ಇರಲಿಲ್ಲ. ಮುಗಿದ ಮೇಲೆ ಮಾಮಾ ಎದ್ದು ನಿಂತು, "ಈ ಮೌನವನ್ನು ಗಮನಿಸಿದಿರಾ?" ಎಂದು ಕೇಳಿದ. ಖಜಾಂಚಿ ಎಚ್ಚರಾಗಿ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದರು.

ಮಾಮಾನ ಅಳತೆಗೋಲು ಸರಳವಾಗಿತ್ತು. ಮಂದಿ ಸೀಟಿ ಹೊಡೆದರೆ ಅದು ದಂಧೆ, ಮಂದಿ ಎದ್ದು ಹೋದರೆ ಅದು ಕಲೆ. ಆ ಅಳತೆಯಲ್ಲಿ ಅತ್ಯಂತ ಕೆಳಗಿದ್ದವನು ಆ ಕಾಲದಲ್ಲಿ ಬಹಳ ಹೆಸರು ಮಾಡಿದ್ದ ಒಬ್ಬ ನಿರ್ದೇಶಕ. ಇಲ್ಲಿ ಅವನ ಹೆಸರು ಬೇಡ. ನಾಲ್ಕು ಹಾಡು, ಎರಡು ಹೊಡೆದಾಟ, ಕಡೆಗೆ ಆಸ್ಪತ್ರೆಯ ಮಂಚದ ಮೇಲೆ ಒಬ್ಬ ತಾಯಿ. ಇಷ್ಟಿದ್ದರೆ ಅದು ಅವನ ಸಿನಿಮಾ. ಅವ್ವ ಮತ್ತು ನಾನು ಅಪ್ಪನಿಗೆ ಮಾತ್ರ ಹೇಳಿ ಮ್ಯಾಟಿನಿ ನೋಡಿ, ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದೆವು. ಮಾಮಾ ಕೇಳಿದರೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆವು ಎನ್ನುತ್ತಿದ್ದೆವು. "ಆ ಮನಷ್ಯಾನ್ನ ಹಿಂಡಲಗಾ ಜೇಲಿಗೆ ಕಳಸಬೇಕು, ಕಲ್ಲು ಒಡ್ಯಾಕ," ಎಂದು ಮಾಮಾ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಆ ನಿರ್ದೇಶಕನ ಒಂದೇ ಒಂದು ಸಿನಿಮಾವನ್ನೂ ಮಾಮಾ ನೋಡಿರಲಿಲ್ಲ.

ಹಿಂಗಿರುವಾಗ ಖಾನಾಪುರದಿಂದ ನನ್ನನ್ನು ನೋಡಲು ಒಂದು ಮನೆಯವರು ಬಂದರು. ಅವರದು ಹಂಚಿನ ಭಟ್ಟಿ. ಮಲಪ್ರಭೆಯ ದಂಡೆಯ ಮಣ್ಣು ತಂದು ಮೂರು ತಲೆಮಾರಿನಿಂದ ಹಂಚು ಸುಡುತ್ತ ಬಂದವರು. ಹುಡುಗ ಬಿ.ಎಸ್ಸಿ. ಓದಿ ಅದೇ ಭಟ್ಟಿ ನೋಡಿಕೊಂಡಿದ್ದ. ತೆಳ್ಳಗೆ, ಕರ್ರಗೆ, ನಗು ಬಂದರೆ ಮೊದಲು ಕಿವಿ ಅಲ್ಲಾಡುವಂಥವನು. ನಾನು ಶಿರಾದ ತಾಟು ಇಟ್ಟು ಅವ್ವನ ಬಾಜು ಕುಳಿತೆ. ಅವನ ತಂದೆ ಮತ್ತು ಅಪ್ಪ ಮಳೆ, ಬಟ್ಟೆ, ಹಂಚು ಎಂದು ಮಾತಾಡುತ್ತ ಒಂದು ಹದಕ್ಕೆ ಬಂದಿದ್ದರು. ಆಗ ಮಾಮಾ ಗಂಟಲು ಸರಿಮಾಡಿಕೊಂಡು, ಪರೀಕ್ಷೆಯ ಹಾಲಿನ ಕನ್ನಡದಲ್ಲಿ ಕೇಳಿದ:

"ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತೀರಿ?"

"ಸಿನಿಮಾ ನೋಡತೇನ್ರಿ ಸರ."

ಮಾಮಾನ ಮುಖ ಅರಳಿತು. "ಯಾರ ಸಿನಿಮಾ?"

ಹುಡುಗ ಆ ನಿರ್ದೇಶಕನ ಹೆಸರು ಹೇಳಿದ. ಬರೀ ಹೇಳಲಿಲ್ಲ, ದೇವರ ಹೆಸರು ಹೇಳುವಾಗ ಮಾಡುವಂತೆ ಕೈ ಎದೆಯ ಹತ್ತಿರ ಒಯ್ದು ಹೇಳಿದ.

ಅವ್ವ ನನ್ನ ತೊಡೆ ಚಿವುಟಿದಳು. ಮಾಮಾ ಕೈಯಲ್ಲಿದ್ದ ಚಹಾದ ಕಪ್ಪು ಬಸಿಯ ಮೇಲಿಟ್ಟ. "ಅಂವಾ ನಿರ್ದೇಶಕ ಅಲ್ಲ, ಅಂಗಡಿಕಾರ," ಎಂದ. ಅಂಗಡಿಕಾರನಾದ ಅಪ್ಪ ಶಿರಾದ ತಾಟು ತನ್ನ ಕಡೆ ಎಳೆದುಕೊಂಡ.

"ಇರಬಹುದರಿ," ಎಂದ ಹುಡುಗ, ಬಹಳ ಸಮಾಧಾನದಿಂದ. "ಆದ್ರ ಅಂವಂದು ಒಂದು ಸಿನಿಮಾ ಐತ್ರಿ, ಬಿದ್ದ ಸಿನಿಮಾ. ಲಾರಿ ಡ್ರೈವರಂದು. ಬೆಳಗಾವ್ಯಾಗ ಒಂದು ವಾರನೂ ಓಡಲಿಲ್ಲ. ನಾನು ದಿನಾ ಬಂದು ನೋಡೇನಿ. ಅದನ್ನ ನೋಡಿ ಆಮ್ಯಾಲೆ ಮಾತಾಡ್ರಿ."

ಆ ಸಿನಿಮಾದ ಕಥೆ ಮಾಮಾನನ್ನು ಬಿಟ್ಟು ನಮಗೆಲ್ಲ ಗೊತ್ತಿತ್ತು, ಯಾಕೆಂದರೆ ಅದು ಬಿದ್ದ ಕಾರಣ ಊರ ತುಂಬ ಮಾತಾಗಿತ್ತು; ಮಾಮಾ ಅಂಥ ಮಾತಿಗೆ ಕಿವಿ ಕೊಡುತ್ತಿರಲಿಲ್ಲ. ಮಧ್ಯಂತರಕ್ಕೆ ಸರಿಯಾಗಿ ಹೀರೋ ಲಾರಿ ಸಮೇತ ಹೊಳೆಯಲ್ಲಿ ಕೊಚ್ಚಿಹೋಗುತ್ತಾನೆ. ಹೀರೋ ಸತ್ತ ಮೇಲೆ ಇನ್ನೇನು ಉಳಿಯಿತು ಎಂದು ಅರ್ಧ ಮಂದಿ ಅಲ್ಲಿಗೇ ಎದ್ದು ಮನೆಗೆ ಹೋದರು. ಉಳಿದವರು ಸಿನಿಮಾದ ಎರಡನೇ ಅರ್ಧದಲ್ಲಿ ಅವನ ಹೆಂಡತಿ ಸೀರೆಯ ಕಚ್ಚೆ ಹಾಕಿ ಬೇರೊಂದು ಲಾರಿ ನಡೆಸುವುದನ್ನು ನೋಡಿ ಸಿಟ್ಟಿಗೆದ್ದು ಹೋದರು. ಆದರೆ ಖಾನಾಪುರದಲ್ಲಿ ಇವನೂ ಇವನ ಐದಾರು ಗೆಳೆಯರೂ ಆ ಸಿನಿಮಾವನ್ನು ತಲೆ ಮೇಲೆ ಹೊತ್ತು ತಿರುಗುತ್ತಿದ್ದರು. ಅದರ ಡೈಲಾಗುಗಳಲ್ಲೇ ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಈಗಿನವರು ಅದಕ್ಕೆ ಕಲ್ಟ್ ಎನ್ನುತ್ತಾರೆ. ಆಗ ನನ್ನ ಮಾವನವರು, ಅಂದರೆ ಆ ಹುಡುಗನ ತಂದೆ, ಅದಕ್ಕೆ "ಭಕ್ತಮಂಡಳಿ" ಎನ್ನುತ್ತಿದ್ದರು. ಬೈಯುವಾಗ ಬೇರೆ ಶಬ್ದ ಬಳಸುತ್ತಿದ್ದರು.

ಆ ದಿನ ಮಾತು ಮುರಿದುಬೀಳುವುದರಲ್ಲಿತ್ತು. ಉಳಿಸಿದವನು ಅಪ್ಪ. ಕೈ ಒರೆಸಿಕೊಳ್ಳುತ್ತ, "ಹಂಗಾರ ಒಮ್ಮೆ ನೋಡಿಬಿಡೂಣು. ನಮ್ಮ ಅಂಗಡ್ಯಾಗ ಯಾರೂ ಬಟ್ಟಿ ಮುಟ್ಟಿ ನೋಡದನ ಬ್ಯಾಡ ಅನ್ನೂದಿಲ್ಲ," ಎಂದ. ಇಡೀ ವರ್ಷದಲ್ಲಿ ಅಪ್ಪ ಆಡಿದ ಅತಿ ಉದ್ದನೆಯ ಮಾತು ಅದು. ಮಾಮಾನಿಗೆ ಇಲ್ಲವೆನ್ನಲಾಗಲಿಲ್ಲ.

ಎರಡು ತಿಂಗಳ ಮೇಲೆ ಹುಡುಗ ಹೇಳಿಕಳಿಸಿದ. ಖಾನಾಪುರದ ಟೆಂಟಿಗೆ ಆ ಸಿನಿಮಾ ಬರುವುದಿತ್ತು. ಅಪ್ಪ, ಅವ್ವ, ಮಾಮಾ, ನಾನು ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಮಾಮಾ ಒಂದು ಪೆನ್ನು, ಒಂದು ಟಾರ್ಚು ಹಿಡಿದುಕೊಂಡಿದ್ದ. ದೋಷಗಳನ್ನು ಬರೆದುಕೊಳ್ಳಲಿಕ್ಕೆ ಎಂದ. ಹಾದಿಯಲ್ಲಿ ಅಕಾಲದ ಮಳೆ ಹೊಡೆಯಿತು. ಸಿನಿಮಾದ ಡಬ್ಬಿಗಳೂ ನಮ್ಮ ಬಸ್ಸಿನ ತಲೆಯ ಮೇಲೇ ತೊಯ್ಯುತ್ತ ಬಂದಿದ್ದವು ಎಂದು ನಮಗೆ ಗೊತ್ತಾಗಿದ್ದು ಆಮೇಲೆ.

ಟೆಂಟಿನಲ್ಲಿ ಹೆಂಗಸರ ಬದಿಗೆ ಚಾಪೆ, ಗಂಡಸರ ಬದಿಗೆ ಮಣ್ಣು, ಹಿಂದೆ ನಾಲ್ಕು ಸಾಲು ಕುರ್ಚಿ. ಕುರ್ಚಿಯ ಸಾಲಿನಲ್ಲಿ ಮಾಮಾ, ಅವನ ಬಾಜು ಹುಡುಗ. ನನ್ನ ಮಗ್ಗುಲಿಗೆ ಒಬ್ಬ ಮರಾಠಿ ಅಜ್ಜಿ ಶೇಂಗಾದ ಪುಡಿಕೆ ಹಿಡಿದು ಕುಳಿತಿದ್ದಳು. ಇದ್ದದ್ದು ಒಂದೇ ಮಶೀನು, ಆದ್ದರಿಂದ ಪ್ರತಿಯೊಂದು ರೀಲು ಮುಗಿದಾಗಲೂ ದೀಪ ಹತ್ತುತ್ತಿತ್ತು.

ಹೆಸರುಗಳು ಬಂದವು. ದೀಪ ಹತ್ತಿ ಆರಿತು. ಅದರ ಮುಂದೆ ನೇರವಾಗಿ ಹೊಳೆ, ಮಹಾಪೂರ, ಹೀರೋನ ಲಾರಿ ಸೇತುವೆಯಿಂದ ಜಾರಿ ನೀರಿಗೆ ಬಿತ್ತು. ಅಜ್ಜಿ "ಅಗ ಬಾಯಿ!" ಎಂದು ಎದೆ ಹಿಡಿದುಕೊಂಡಳು. ನನಗೂ ವಿಚಿತ್ರ ಅನ್ನಿಸಿತು, ಹೀರೋ ಸಾಯುವುದು ಮಧ್ಯಂತರಕ್ಕೆ ಎಂದು ಕೇಳಿದ್ದೆ. ಮುಂದೆ ವಿಧವೆ ಲಾರಿ ಹತ್ತಿದಳು, ಘಾಟಿನಲ್ಲಿ ಲಾರಿ ನಿಲ್ಲಿಸಿ ಒಬ್ಬಳೇ ಊಟ ಮಾಡಿದಳು, ಊರ ಮಂದಿಯ ಕೈಲಿ ಬೈಸಿಕೊಂಡಳು, ಕಡೆಗೆ ಬೆಳಗಿನ ಬಿಸಿಲಿನಲ್ಲಿ ಲಾರಿ ದೂರ ಹೋಗುತ್ತಿದ್ದಂತೆ ಪರದೆಯ ಮೇಲೆ ದೊಡ್ಡದಾಗಿ "ಶುಭಂ" ಎಂದು ಬಂತು. ಮಂದಿ ಚಪ್ಪಲಿ ಹುಡುಕಿಕೊಳ್ಳುತ್ತ ಏಳತೊಡಗಿದರು. ದೀಪ ಆರಿತು. ಸತ್ತ ಹೀರೋ ಹೆಂಡತಿಗೆ ಹಸಿರು ಬಳೆ ಹಿಡಿದುಕೊಂಡು ನಗುತ್ತ ಮನೆಯೊಳಗೆ ಬಂದ.

"ಹಾ ಮೇಲಾ ಹೋತಾ ನಾ?" ಸತ್ತಿದ್ದನಲ್ಲ ಇವನು ಎಂದು ಅಜ್ಜಿ ನನ್ನ ಮೊಣಕೈ ಹಿಡಿದು ಕೇಳಿದಳು.

"ಹೂಂರಿ ಆಜಿ, ಸತ್ತಿದ್ದ."

ಅಜ್ಜಿ ಒಂದು ಕ್ಷಣ ಯೋಚಿಸಿ, ಬದುಕಿ ಬಂದನಲ್ಲ, ಚಲೋ ಆಯಿತು ಎಂದು ಮರಾಠಿಯಲ್ಲಿ ಹೇಳಿ ನನಗೊಂದು ಮುಷ್ಟಿ ಶೇಂಗಾ ಕೊಟ್ಟಳು. ಇಡೀ ಟೆಂಟಿಗೆ ಅದೇ ಅನ್ನಿಸಿರಬೇಕು. ಸೀಟಿಗಳ ಮಳೆಯಾಯಿತು. ಆಮೇಲೆ ಗಂಡ ಹೆಂಡಿರ ಜಗಳ, ಅದಕ್ಕಿಂತ ಹಿಂದಿನ ಪ್ರೀತಿ, ಕಟ್ಟಕಡೆಗೆ ಮದುವೆ. ಅಕ್ಕಿಕಾಳು ಬೀಳುತ್ತಿದ್ದಂತೆಯೇ ರೀಲು ಮುಗಿದು ಬೆಳ್ಳಗಿನ ಪರದೆ ಉಳಿಯಿತು. ಮಂದಿ ತಮ್ಮ ಮನೆಯ ಲಗ್ನ ಮುಗಿಸಿಕೊಂಡವರಂತೆ ಖುಷಿಯಲ್ಲಿ ಹೊರಗೆ ಬಂದರು.

ನಾನು ಮಾಮಾನ ಕಡೆ ನೋಡಿದೆ. ಅವನು ಕುರ್ಚಿಯಿಂದ ಎದ್ದಿರಲಿಲ್ಲ. ಪೆನ್ನಿನ ಟೊಪ್ಪಿಗೆಯನ್ನೂ ತೆಗೆದಿರಲಿಲ್ಲ.

ಹೊರಗೆ ಚಹಾದ ಗಾಡಿಯ ಹತ್ತಿರ ಅವನಿಗೆ ಬಾಯಿ ಬಂತು. "ಮೊದಲಿಗೇ ಸಾವು! ಆಮೇಲೆ ಪೂರಾ ನೆನಪು! ಹಿಂದಕ್ಕ ಹಿಂದಕ್ಕ ಹೋಗಿ ಲಗ್ನದಾಗ ನಿಲ್ಲಸ್ತಾನ. ಅಂದ್ರ ನಾವು ಆ ಲಗ್ನ ನೋಡೂಮುಂದ ನಮಗ ಅದರ ಕೊನಿ ಗೊತ್ತದ. ಅಕ್ಕಿಕಾಳು ಬೀಳತಾವ, ನಮಗ ಹೊಳಿ ಕಾಣತದ! ಮತ್ತ ಆ ಶುಭಂ! ನಡುವ ಶುಭಂ! ಬದುಕು ಶುಭಂ ಅಂದಮ್ಯಾಲೂ ನಡೀತದ ಅಂತ. ಎಂಥಾ ವ್ಯಂಗ್ಯ! ಇಂವಾ ಮಹಾ ಕಲಾವಿದ."

ಅಪ್ಪ ಚಹಾ ಕುಡಿದ. ಅವ್ವ, "ನನಗಂತೂ ಕಡೀಕ ಲಗ್ನ ಆಗಿದ್ದು ಚಲೋ ಅನಸ್ತು," ಎಂದಳು.

ಮಾಮಾ ಅಪ್ಪನಿಗೆ ವ್ಯಂಗ್ಯ ಅಂದರೇನು ಎಂದು ಬಿಡಿಸಿ ಹೇಳುತ್ತಿದ್ದಾಗ ಹುಡುಗ ನನ್ನ ಹತ್ತಿರ ಸರಿದು, ಗ್ಲಾಸಿನ ಕಡೆ ನೋಡುತ್ತ ಮೆಲ್ಲಗೆ ಹೇಳಿದ: "ರೀಲು ಉಲ್ಟಾಪಲ್ಟಾ ಆಗ್ಯಾವ್ರಿ. ಡಬ್ಬಿ ಮ್ಯಾಲಿನ ಚೀಟಿ ಮಳಿಗೆ ತೊಯ್ದು ಕಿತ್ತು ಹೋಗ್ಯಾವಂತ."

ನನ್ನ ಗಂಡ ನನ್ನ ಜೋಡಿ ಆಡಿದ ಮೊದಲ ಮಾತು ಅದು. ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, "ಸುಮ್ಮನಿರ್ರಿ," ಎಂದೆ. "ಲಗ್ನ ಆಗೂತನಕ ಸುಮ್ಮನಿರ್ರಿ." ಹೇಳಿದ ಮೇಲೆ ನಾನು ಏನು ಹೇಳಿದೆನೆಂದು ನನಗೇ ತಿಳಿಯಿತು. ಅವನ ಕಿವಿಗಳು ಅಲ್ಲಾಡಿದವು.

ಲಗ್ನ ಆಯಿತು. ನಾನು ಖಾನಾಪುರಕ್ಕೆ ಬಂದೆ. ಟೆಂಟಿನ ಮಾಲೀಕರು ಆ ಸಿನಿಮಾವನ್ನು ಎರಡು ವಾರ ಅದೇ ತಲೆಕೆಳಗು ಕ್ರಮದಲ್ಲೇ ಓಡಿಸಿದ್ದರೆಂದು ಬಂದ ಮೇಲೆ ತಿಳಿಯಿತು. ಸರಿಮಾಡಿ ತೋರಿಸಿ ಎಂದು ಭಕ್ತಮಂಡಳಿ ಹೋಗಿ ಕೇಳಿತ್ತಂತೆ. ಅವರು, "ಸತ್ತಂವಾ ಎದ್ದು ಬಂದು ಲಗ್ನ ಆಗಾಕತ್ಯಾನ, ಮಂದಿ ಸೀಟಿ ಹೊಡ್ಯಾಕತ್ತಾರ. ನಾನ್ಯಾಕ ಅವನ್ನ ಮತ್ತ ಕೊಲ್ಲಲಿ?" ಎಂದರಂತೆ.

ಬೆಳಗಾವಿಯಲ್ಲಿ ಮಾಮಾ ಸಂಘದವರ ಮುಂದೆ ಒಂದೂವರೆ ತಾಸು ಉಪನ್ಯಾಸ ಕೊಟ್ಟ. ವ್ಯಾಪಾರಿ ಎಂದು ನಾವು ತಳ್ಳಿದವನು ಕಾಲವನ್ನೇ ಮುರಿದು ಕಟ್ಟಿದ್ದಾನೆ ಎಂದ. ಅಲ್ಲಿದ್ದ ಯಾರೂ ಆ ಸಿನಿಮಾ ನೋಡಿರಲಿಲ್ಲ, ಸಂಘದವರು ಅಂಥದ್ದನ್ನು ನೋಡುವುದಿಲ್ಲವಲ್ಲ. ಹಾಗಾಗಿ ಎಲ್ಲರೂ ಒಪ್ಪಿದರು. ಖಜಾಂಚಿಯವರು ಈ ಸಲ ಪೂರ್ತಿ ಎಚ್ಚರವಿದ್ದರಂತೆ.

ನನ್ನ ಗಂಡನಿಗೆ ಸಮಾಧಾನವಿರಲಿಲ್ಲ. ತಿಂಗಳಿಗೊಮ್ಮೆ, "ಮಾಮಾಗ ಹೇಳಿಬಿಡೂಣು," ಎನ್ನುತ್ತಿದ್ದ. ಹಬ್ಬ ಆಗಲಿ, ಅವನ ಜ್ವರ ಇಳಿಯಲಿ, ಪೇಪರ್ ತಿದ್ದುವುದು ಮುಗಿಯಲಿ ಎಂದು ನಾನು ಮುಂದೆ ಹಾಕುತ್ತಿದ್ದೆ. ಅಷ್ಟರಲ್ಲಿ ಆ ನಿರ್ದೇಶಕನೇ ಖಾನಾಪುರಕ್ಕೆ ಬಂದ.

ಊರ ಹೊರಗೆ ಹೊಳೆಯ ದಂಡೆಯಲ್ಲಿ ಹೊಸ ಸಿನಿಮಾದ ಶೂಟಿಂಗು. ಸುದ್ದಿ ಮುಟ್ಟಿದ ಮರುದಿನವೇ ಮಾಮಾ ಖಾದಿ ಜುಬ್ಬಾ ತೊಟ್ಟು ಹಾರ ಹಿಡಿದು ರೈಲಿನಿಂದ ಇಳಿದ. ನಾವಿಬ್ಬರೂ ಅವನ ಹಿಂದೆ ಹೋದೆವು. ಹೀರೋಯಿನ್ ಬಂಡೆಯಿಂದ ಬಂಡೆಗೆ ಜಿಗಿಯುತ್ತ ಕುಣಿಯುತ್ತಿದ್ದಳು. ಮಾಮಾ ಅಷ್ಟು ಹೊತ್ತೂ ಆಚೆ ದಂಡೆಯ ಎಮ್ಮೆಗಳನ್ನು ನೋಡುತ್ತ ನಿಂತ. ನನ್ನ ಗಂಡನ ಅವಸ್ಥೆ ಬೇರೆ. ನಿರ್ದೇಶಕ ಎಂದರೆ ಎತ್ತರದ ತೇಜಸ್ವಿ ಮನುಷ್ಯ ಎಂದುಕೊಂಡಿದ್ದ. ಕಂಡವನು ತಲೆಗೆ ಒದ್ದೆ ಟವೆಲು ಹಾಕಿಕೊಂಡ, ಹೊಟ್ಟೆಯ ಒಬ್ಬ ಗಿಡ್ಡ ಮನುಷ್ಯ. ಯಾರಿಗೋ ಮೊಸರು ಯಾಕೆ ಬಂದಿಲ್ಲ ಎಂದು ಬೈಯುತ್ತಿದ್ದ. ಆದರೂ ನನ್ನ ಗಂಡನ ಕಣ್ಣಲ್ಲಿ ನೀರು ಬಂದಿತ್ತು.

ಊಟದ ಹೊತ್ತಿಗೆ ಒಂದು ಮಾವಿನ ಗಿಡದ ಕೆಳಗೆ ನಮ್ಮನ್ನು ಕರೆದರು. ನಿರ್ದೇಶಕ ರೊಟ್ಟಿ ಮುರಿಯುತ್ತ, "ಕೂತ್ಕೊಳಿ ಸಾರ್. ಈ ನಿಮ್ಮ ಕೆಂಪು ಚಟ್ನಿ ಕೊಂದ್ಬಿಡ್ತು ನನ್ನ," ಎಂದ. ಮಾಮಾ ಹಾರ ಹಾಕಿ, ಕೈಮುಗಿದು, ಸಿದ್ಧಮಾಡಿಕೊಂಡು ಬಂದಿದ್ದ ಪ್ರಶ್ನೆ ಕೇಳಿದ: "ನಾಯಕನ ಸಾವನ್ನು ಆರಂಭಕ್ಕೇ ಇಟ್ಟು, ಮದುವೆಯಲ್ಲಿ ಚಿತ್ರವನ್ನು ಮುಗಿಸುವ ಧೈರ್ಯ ತಮಗೆ ಹೇಗೆ ಬಂತು?"

"ಯಾವ್ ಪಿಕ್ಚರ್ ಸಾರ್?"

ಮಾಮಾ ಹೆಸರು ಹೇಳಿದ.

"ಅದ್ರಲ್ಲಿ ಮದ್ವೆ ಮೊದ್ಲೇ ಬರತ್ತಲ್ಲ. ಸಾಯೋದು ಇಂಟರ್‌ವಲ್‌ಗೆ. ಅಲ್ಲೇ ಸಾರ್ ನಾನು ಮುಳುಗಿದ್ದು." ಅವನು ಸುತ್ತಲಿನವರ ಕಡೆ ನೋಡಿದ. ಇಬ್ಬರು ಮೂವರು ನಗಲು ತಯಾರಾದರು.

ಮಾಮಾನ ಮುಖದ ಬಣ್ಣ ಇಳಿಯುತ್ತ ಹೋಯಿತು. ಅಷ್ಟರಲ್ಲಿ ನನ್ನ ಗಂಡ ಮುಂದೆ ಬಂದ. "ಸರ ಹೇಳೂದು ಖರೇ ಐತ್ರಿ. ನಮ್ಮೂರಾಗ ಅದು ಹಂಗ ನಡದೈತ್ರಿ. ಮಳಿಗೆ ಚೀಟಿ ಹೋಗಿ ರೀಲು ಹಿಂದಮುಂದ ಆಗಿದ್ವು. ಅವರು ನೋಡಿದ್ದು ಅದನ್ನ."

ಯಾರೋ ನಕ್ಕರು. ನಿರ್ದೇಶಕ ನಗಲಿಲ್ಲ. ರೊಟ್ಟಿ ತಾಟಿನಲ್ಲಿಟ್ಟು, "ಯಾವ್ದಾದ್ಮೇಲೆ ಯಾವ್ದು ಬಂತು? ನಿಧಾನಕ್ಕೆ ಹೇಳಿ," ಎಂದ. ನನ್ನ ಗಂಡ ಒಂದೊಂದಾಗಿ ಹೇಳಿದ. ಹೊಳೆ, ಲಾರಿ, ಶುಭಂ, ಬಳೆ, ಜಗಳ, ಮದುವೆ. ನಿರ್ದೇಶಕ ಕಣ್ಣು ಮುಚ್ಚಿಕೊಂಡು ಕೇಳಿದ.

"ಜನ ಕೂತಿದ್ರಾ?"

"ಎರಡು ವಾರ ಕೂತ್ರರಿ. ಸೀಟಿ ಹೊಡದ್ರು."

"ಅಯ್ಯೋ," ಎಂದ ಅವನು. ಖರೇನೇ ಸಂಕಟಪಟ್ಟುಕೊಂಡು ಹೇಳಿದ. "ಈ ಬುದ್ಧಿ ನಂಗ್ಯಾಕ್ ಬರ್ಲಿಲ್ಲ?"

ಮಾಮಾನಿಗೆ ತುಸು ಜೀವ ಬಂತು. "ಹಾಗಾದರೆ ತಾವು ಕಲಾವಿದರೋ, ವ್ಯಾಪಾರಿಯೋ?" ಎಂದು ಕೇಳಿಯೇಬಿಟ್ಟ.

"ನೋಡಿ ಸಾರ್, ಆ ಪಿಕ್ಚರ್‌ನ ನಾಲ್ಕು ಕಾಸು ಬರ್ಲಿ ಅಂತ್ಲೇ ಮಾಡ್ದೆ. ಬರ್ಲಿಲ್ಲ. ಅದಕ್ಕೇ ನೀವು ಹಾರ ಹಾಕ್ತಿದೀರಿ. ಬಂದಿದ್ರೆ ಹಾಕ್ತಿದ್ರಾ?" ಮೊಸರು ಬಂತು. ಅವನು ಅತ್ತ ತಿರುಗಿದ.

ಮೂವರೂ ಸ್ಟೇಶನ್ನಿಗೆ ನಡೆದೆವು. ಬೆಳಗಾವಿಯ ಗಾಡಿ ತಡವಿತ್ತು. ಬಾಕಿನ ಮೇಲೆ ಕುಳಿತ ಮಾಮಾ ನನ್ನ ಗಂಡನನ್ನು ಕೇಳಿದ, "ಅವತ್ತ ನಿನಗ ಗೊತ್ತಿತ್ತು?"

"ಗೊತ್ತಿತ್ತರಿ ಮಾಮಾ."

"ಯಾಕ ಹೇಳಲಿಲ್ಲ?"

ನಾನೇ ಬೇಡವೆಂದೆ ಎಂದು ಹೇಳಲು ಹೊರಟೆ. ನನ್ನ ಗಂಡ ನನಗಿಂತ ಮೊದಲು ಮಾತಾಡಿದ. "ಹೇಳಬೇಕಂತ ಇದ್ನಿರಿ. ಆದ್ರ ಆ ಸಿನಿಮಾ ಚಲೋ ಐತಿ ಅಂತ ಓದಿದವರೊಳಗ ಅಂದವರು ನೀವೊಬ್ಬರ. ನಮ್ಮಪ್ಪ ನನಗ ಹುಚ್ಚ ಅಂತಿದ್ದ. ನೀವು ಗಾಡಿ ಹತ್ತರ ನಿಂತು ಹೇಳಾಕತ್ತಿದ್ರಿ ನೋಡ್ರಿ, ನನಗ ಇನ್ನೂ ಸ್ವಲ್ಪ ಹೊತ್ತು ಕೇಳಬೇಕು ಅನ್ನಿಸ್ತು."

ಮಾಮಾ ಹಳಿಗಳ ಕಡೆ ತಿರುಗಿದ. "ಆ ಹೆಣ್ಣಮಗಳು ಘಾಟಿನಾಗ ಲಾರಿ ನಿಲ್ಲಿಸಿ ಒಬ್ಬಾಕಿನ ಊಟಾ ಮಾಡತಾಳಲ್ಲ, ಅದು ಅದರ ಜಾಗಾದಾಗ ಇತ್ತೋ ಇಲ್ಲೋ?" ಎಂದು ಕೇಳಿದ.

"ಅದು ಎಲ್ಲಿ ಇಟ್ರೂ ಚಲೋನ ಐತ್ರಿ ಮಾಮಾ."

"ಹೂಂ," ಎಂದ ಮಾಮಾ. ಗಾಡಿ ಬಂದಾಗ ನನ್ನ ಗಂಡನ ಭುಜ ಹಿಡಿದು ಎದ್ದ.

ಅಂದಿನಿಂದ ಮಾಮಾ ಆ ನಿರ್ದೇಶಕನ ಹಳೆಯ ಸಿನಿಮಾಗಳನ್ನೆಲ್ಲ ಒಂದೊಂದಾಗಿ ನೋಡಿದ. ನೋಡಿ ಅತ್ತ. ಅತ್ತಿದ್ದಕ್ಕೆ ಟಾಕೀಸಿನ ಧೂಳಿನ ಮೇಲೆ ತಪ್ಪು ಹೊರಿಸಿದ. ಅವ್ವ, "ಉಳ್ಳಾಗಡ್ಡಿ ಹೆಚ್ಚಿದ್ಯೇನೋ?" ಎಂದು ಕೇಳುತ್ತಿದ್ದಳು.

ಎಂಬತ್ತರ ದಶಕ ಶುರುವಾದ ಮೇಲೆ ಅದೇ ನಿರ್ದೇಶಕನ ಒಂದು ಸಿನಿಮಾ ಬಂತು. ಅದು ಸಾವಿನಿಂದ ಶುರುವಾಗಿ ಹಿಂದೆ ಹಿಂದೆ ಹೋಗುತ್ತದೆ ಎಂದು ಸುದ್ದಿ. ಖಾನಾಪುರದ ಟೆಂಟಿನಲ್ಲಿ ನಡೆದದ್ದು ಬೆಳಗಾವಿಯ ಟಾಕೀಸಿನಲ್ಲಿ ನಡೆಯಲಿಲ್ಲ. ಎರಡನೇ ದಿನಕ್ಕೇ ಮಂದಿ ಕಡಿಮೆಯಾದರು. ನಾಲ್ಕನೇ ದಿನದ ಮ್ಯಾಟಿನಿಗೆ ನಾವು ಹೋದೆವು. ನಾನು ನಡುವೆ, ಅತ್ತ ಮಾಮಾ, ಇತ್ತ ನನ್ನ ಗಂಡ.

"ಮಂದೀನ್ನ ಹಿಂಗ ದಾರಿ ತಪ್ಪಿಸಬಾರದು," ಎಂದ ಮಾಮಾ. "ಟಿಕೀಟು ತಗೊಂಡು ಬಂದಿರತಾರ. ಅವರದೂ ವಿಚಾರ ಮಾಡಬೇಕು."

"ಮಂದಿಗೆ ತಿಳೀಲಿಲ್ಲ ಅಂತ ಅಂವಾ ಯಾಕ ಬಗ್ಗಬೇಕ್ರಿ?" ಎಂದ ನನ್ನ ಗಂಡ. "ಇದು ಕಲೆ ಮಾಮಾ, ಇದು ಬ್ಯಾರೆ."

ನನ್ನ ಎಡಗಿವಿಗೂ ಬಲಗಿವಿಗೂ ಮಧ್ಯಂತರದವರೆಗೆ ಇದೇ ನಡೆಯಿತು. ದೀಪ ಹತ್ತಿದಾಗ ಕೆಳಗೆ ನಾಲ್ಕು ಮಂದಿ ಇದ್ದವರು ಎದ್ದು ಹೋದರು. ಬಾಲ್ಕನಿಯಲ್ಲಿ ನಾವು ಮೂವರೇ. ಸೋಡಾ ಕುಡಿದು ಮುಗಿಸಿದರೂ ದೀಪ ಆರಲಿಲ್ಲ. ಗೇಟು ಕಾಯುವವನು ಬಂದು ನಮ್ಮನ್ನೊಮ್ಮೆ, ಖಾಲಿ ಕುರ್ಚಿಗಳನ್ನೊಮ್ಮೆ ನೋಡಿ ಕೇಳಿದ:

"ಮುಂದಿಂದು ಹಾಕೂದೇನ್ರಿ? ಯಾರೂ ಇಲ್ಲ."

"ಹಾಕ್ರಿ!" ಎಂದರು ಇಬ್ಬರೂ ಒಟ್ಟಿಗೇ, ಆ ಮನುಷ್ಯ ಬೆದರಿ ಎರಡು ಹೆಜ್ಜೆ ಹಿಂದೆ ಸರಿಯುವಷ್ಟು ಜೋರಾಗಿ.